ಅಂಗಳದ ಕಳೆಯೂ ವಿನೆಗರಿನ ಸೀಸೆಯೂ

ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಗೆ ಮುಂಗಾರಿನ ಒಂದು ಹದಮಳೆ ಬಿದ್ದರೆ ಸಾಕು, ಎಂಟು ದಿನಗಳಲ್ಲಿ ಬಸದಿಯ ಅಂಗಳವೆಲ್ಲ ಹಸುರಾಗುತ್ತದೆ. ಹಾಸುಗಲ್ಲುಗಳ ಸಂದಿನಲ್ಲಿ ಕರಿಕೆ, ಗೋಡೆಯ ಬುಡದಲ್ಲಿ ಜೇಕು, ಬೇಲಿಯ ಬದಿಗೆ ಕಾಂಗ್ರೆಸ್ ಕಸ. ಚಾತುರ್ಮಾಸದಲ್ಲಿ ದರ್ಶನಕ್ಕೆ ಬರುವ ಶ್ರಾವಕರು ಕಾಲಿಡುವುದೆಲ್ಲಿ? ತುಳಿದರೂ ಹಿಂಸೆ, ಕಿತ್ತರೂ ಹಿಂಸೆ.

ರೋಣದ ವೃದ್ಧ ಶ್ರಾವಕರೊಬ್ಬರು ಬಸದಿಯ ಹೂದೋಟದ ಆರೈಕೆಯನ್ನು ತಾವಾಗಿಯೇ ವಹಿಸಿಕೊಂಡವರು, ಒಕ್ಕಲುತನದ ಮನೆತನ. ಕಳೆನಾಶಕ ತರೋಣವೆಂದು ಸಮಿತಿಯ ತರುಣರು ಹೇಳಿದಾಗ ಅವರು ಒಪ್ಪಲಿಲ್ಲ. ಪ್ಯಾರಾಕ್ವಾಟ್‌ನಂಥದು ಮನುಷ್ಯನ ಹೊಟ್ಟೆ ಸೇರಿದರೆ ಅದಕ್ಕೆ ಪ್ರತಿವಿಷವಿಲ್ಲ ಎಂಬುದನ್ನು ಅವರು ಬಲ್ಲರು. ಆಗ ಮೊಮ್ಮಗ ವಿನೆಗರಿನ ಸೀಸೆ ತಂದ.

“ಅಜ್ಜಾ, ಇದು ಅಡಿಗಿಮನ್ಯಾಗ ಬಳಸೂದು, ವಿಷ ಅಲ್ಲ.”

“ಯಾರ ಅಡಿಗಿಮನ್ಯಾಗೋ ತಮ್ಮಾ? ನಮ್ಮ ಮನ್ಯಾಗಂತೂ ನಾ ಕಂಡಿಲ್ಲ.”

ಅಜ್ಜನ ಮಾತು ನಗೆಯದಲ್ಲ. ಹುದುಗಿಸಿದ ಪದಾರ್ಥದಲ್ಲಿ ಜೀವರಾಶಿ ಅಸಂಖ್ಯಾತವೆಂದು ಹಿರಿಯರು ಅದನ್ನು ಅಭಕ್ಷ್ಯಗಳಲ್ಲಿ ಎಣಿಸಿದ್ದಾರೆ. ಆದರೆ ಸೀಸೆಯ ಮೇಲೆ ‘ಸಿಂಥೆಟಿಕ್’ ಎಂದಿತ್ತು. ಅದು ಕಾರ್ಖಾನೆಯ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು. ಹೀಗೆ ಜೈನನಿಗೆ ಸಲ್ಲುವ ವಿನೆಗರು ಸಾವಯವವಲ್ಲ, ಸಾವಯವವಾದದ್ದು ಜೈನನಿಗೆ ಸಲ್ಲದು!

ಬಿರುಬಿಸಿಲಿನ ಒಂದು ಮಧ್ಯಾಹ್ನ ಪ್ರಯೋಗ ನಡೆಯಿತು. ಆಮ್ಲವು ಎಲೆಯ ಜೀವಕೋಶಗಳ ಪೊರೆಯನ್ನು ಒಡೆಯುತ್ತದೆ, ಒಳಗಿನ ನೀರು ಸೋರಿಹೋಗುತ್ತದೆ. ಸಂಜೆಯ ಹೊತ್ತಿಗೆ ಎಳೆಯ ಸಸಿಗಳು ಕಂದಿ ಮಲಗಿದವು. ಕರಿಕೆ, ಜೇಕುಗಳ ಮಾತು ಬೇರೆ. ವಿನೆಗರು ಬೇರಿಗೆ ಇಳಿಯುವುದಿಲ್ಲವಾದ್ದರಿಂದ ಅವು ನೆಲದೊಳಗಿನ ಬೇರುಗಡ್ಡೆಗಳಿಂದ ಮತ್ತೆ ಚಿಗುರಿದವು. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದಿಂದ 2002ರಲ್ಲಿ ಪ್ರಕಟವಾದ ಪ್ರಯೋಗಗಳ ಫಲವೂ ಹೀಗೆಯೇ ಇತ್ತು: ಮೊಳೆತು ಎರಡು ವಾರದೊಳಗಿನ ಕಳೆಗೆ ಶೇ. 5ರಿಂದ 10ರ ದ್ರಾವಣ ಸಾಕು, ಬಲಿತದ್ದಕ್ಕೆ ಇನ್ನೂ ತೀಕ್ಷ್ಣವಾದದ್ದು ಬೇಕು. ಶೇ. 20ರದಾದರೆ ಸಿಂಪಡಿಸುವವನ ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ.

ಅಮೃತಶಿಲೆಯ ಮೆಟ್ಟಿಲಿನ ಮೇಲೆ ನಾಲ್ಕು ಹನಿ ಚೆಲ್ಲಿದ್ದವು; ಅಲ್ಲಿ ಹೊಳಪು ಹೋಯಿತು. ಸುಣ್ಣದ ಅಂಶವಿರುವ ಕಲ್ಲನ್ನೂ ಗಾರೆಯನ್ನೂ ಆಮ್ಲ ತಿನ್ನುತ್ತದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಪಕ್ಕದ ಲಕ್ಕುಂಡಿಯಲ್ಲಿಯೇ ಇದೆ. ಇಂಥ ಸೀಮೆಯ ಟ್ರಸ್ಟುಗಳು ಈ ಎಚ್ಚರವನ್ನು ಮರೆಯಲಾಗದು.

ಉಪ್ಪು ಬೆರೆಸಿದರೆ ಬೇರೂ ಸಾಯುತ್ತದೆಂದು ನರಗುಂದದ ಬೀಗರು ಸೂಚಿಸಿದರು. ಆ ಊರಿನವರೇ ಹೀಗೆನ್ನುವುದು ಸೋಜಿಗ. ಮಲಪ್ರಭೆಯ ಕಾಲುವೆಯ ನೀರು ನಿಂತು ಎಷ್ಟೋ ಹೊಲಗಳು ಸವಳಾದದ್ದನ್ನು ಅವರು ಕಂಡವರು. ಎರೆಮಣ್ಣಿಗೆ ಸೋಡಿಯಂ ಹೆಚ್ಚಾದರೆ ಜಿಗಿಯ ಕಣಗಳು ಬಿಡಿಯಾಗಿ ರಂಧ್ರ ಮುಚ್ಚುತ್ತವೆ. ನೀರು ಇಳಿಯದು, ಬೆಳೆ ಏಳದು.

ಅಜ್ಜನನ್ನು ತಡೆದದ್ದು ಇವಾವುವೂ ಅಲ್ಲ. ವಿನೆಗರು ಸುರಿದ ಒಂದು ಸಂದಿನಿಂದ ಇರುವೆಗಳು ಸಾಲುಗೆಟ್ಟು ಹೊರಬಂದವು. ಕೆಲವು ಅಲ್ಲಿಯೇ ಮುದುಡಿ ಬಿದ್ದವು. ಏಕೇಂದ್ರಿಯವಾದ ಹುಲ್ಲಿಗಾಗಿ ತ್ರೀಂದ್ರಿಯ ಜೀವಿಗಳು ಹೋದವು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ನಿಷ್ಪ್ರಯೋಜಕವಾಗಿ ನೆಲ ಅಗೆಯುವುದನ್ನೂ ಗಿಡ ಕಡಿಯುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸುತ್ತದೆ. ನಾಲ್ಕು ಮಾರು ದೂರದಿಂದ ಸಿಂಪಡಿಸುವ ಕೈಗೆ ಬುಡದಲ್ಲಿ ಏನಿದೆಯೆಂಬುದು ಕಾಣುವುದೇ ಇಲ್ಲ. ಸಾವಯವವೆಂಬ ಹೆಸರಿದ್ದ ಮಾತ್ರಕ್ಕೆ ವಸ್ತು ಅಹಿಂಸಕವಾಗದು; ಈ ಭ್ರಮೆ ವಿದ್ಯಾವಂತರಲ್ಲಿಯೇ ಹೆಚ್ಚು.

ಈಗ ಹೂಗಿಡಗಳ ಬುಡಕ್ಕೆ ಒಣಗಿದ ಬೇವಿನೆಲೆಯ ದಪ್ಪ ಹೊದಿಕೆಯಿದೆ. ಬೆಳಕಿಲ್ಲದೆಡೆ ಬೀಜ ಮೊಳೆಯುವುದು ಕಡಿಮೆ, ಕೊಲ್ಲುವ ಪ್ರಸಂಗವೂ ಕಡಿಮೆ. ನಡೆದಾಡುವ ದಾರಿಯಷ್ಟನ್ನು ಅಜ್ಜ ಮೊದಲು ಮೆತ್ತಗೆ ಗುಡಿಸಿ, ನೋಡಿ, ಕುರ್ಪಿಯಿಂದ ಬಿಡಿಸುತ್ತಾರೆ. ಮೈತುರಿಕೆ ತರುವ ಕಾಂಗ್ರೆಸ್ ಕಸದ ಎಳೆಯ ಸಸಿಗಳಿಗೆ ಮಾತ್ರ, ಬೇಲಿಯ ಆಚೆ, ಇರುವೆಗಳಿಲ್ಲವೆಂದು ನೋಡಿಕೊಂಡು ಮೊಮ್ಮಗ ಉಳಿದ ವಿನೆಗರನ್ನು ಬಳಸಿ ಮುಗಿಸಿದ. ಅಷ್ಟಮಿ, ಚತುರ್ದಶಿಗಳಂದು ಕುರ್ಪಿ ಗೂಡಿನಲ್ಲಿಯೇ ಇರುತ್ತದೆ. ಆ ದಿನ ಕರಿಕೆ ಎಷ್ಟು ಬೆಳೆಯುವುದೋ ಅಷ್ಟು ಬೆಳೆಯುತ್ತದೆ.