ಮೂರು ಜೊತೆ ಗ್ಲೌಸು

"ಚಿಕ್ಕಬಳ್ಳಾಪುರದಲ್ಲಿ ಫೋಟೋ ತೆಗೆಯೋಕೆ ಗ್ಲೌಸಾ? ನೀನೇನು ಕಾಶ್ಮೀರಕ್ಕೆ ಹೊರಟಿದೀಯಾ?"

ಹೋದ ವರ್ಷ ನವೆಂಬರಿನಲ್ಲಿ ಹಾಸ್ಟೆಲ್ ಮೆಸ್ಸಿನಲ್ಲಿ ಕೂತು ಗ್ಲೌಸಿನ ವಿಷಯ ಎತ್ತಿದಾಗ ಗೌರಿಬಿದನೂರಿನ ಗೆಳತಿ ಕೇಳಿದ ಪ್ರಶ್ನೆ ಇದು. ಅವರ ಊರಲ್ಲಿ ಗ್ಲೌಸ್ ಅಂದ್ರೆ ಒಂದೇ ಅರ್ಥವಂತೆ, ವಿಕೆಟ್ ಕೀಪರ್ ಹಾಕ್ಕೊಳ್ಳೋದು. ಟೇಬಲ್ಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅಷ್ಟು ಹೊತ್ತಿಗೆ ಈ ಗ್ಲೌಸಿನ ವಿಷಯ ನಮ್ಮ ಮನೆಗೆ ಎರಡು ಸಾವಿರದ ಎಂಟುನೂರು ರೂಪಾಯಿ ಖರ್ಚು ತಂದಿತ್ತು. ಅದನ್ನು ಅವರಿಗೆ ಹೇಳಿರಲಿಲ್ಲ. ಈಗ ಹೇಳ್ತೀನಿ.

ರಾಜ್ಯೋತ್ಸವಕ್ಕೆ ನಮ್ಮ ಸಂಘದವರು ಫೋಟೋ ಸ್ಪರ್ಧೆ ಇಟ್ಟಿದ್ದು ನಿಮಗೆ ನೆನಪಿರಬಹುದು. ವಿಷಯ 'ನಮ್ಮ ಜಿಲ್ಲೆ'. ನಮ್ಮದು ಶಿಡ್ಲಘಟ್ಟ, ಅಂದರೆ ಚಿಕ್ಕಬಳ್ಳಾಪುರ ಜಿಲ್ಲೆ. ನಮ್ಮ ಜಿಲ್ಲೆ ಅಂದ ತಕ್ಷಣ ಎಲ್ಲರ ಹಾಗೆ ನನ್ನ ತಲೆಗೂ ಬಂದಿದ್ದು ನಂದಿ ಬೆಟ್ಟ, ಮೋಡದ ಮೇಲೆ ಹುಟ್ಟೋ ಸೂರ್ಯ. ಸೀನಿಯರ್ ಅಕ್ಕ ಒಬ್ಬರನ್ನು ಗೋಗರೆದು ಅವರ ಕ್ಯಾಮೆರಾ ಮತ್ತು ಎರಡು ಲೆನ್ಸು ತಂದೆ. ಶನಿವಾರ ಊರಿಗೆ ಹೋಗಿ, ಭಾನುವಾರ ಬೆಳಗ್ಗೆ ನಾಲ್ಕಕ್ಕೆ ಅಣ್ಣನ ಬೈಕ್ ಹತ್ತಿದೆ. ಹೊರಡುವಾಗ ತುಂತುರು ಹನೀತಿತ್ತು. "ಮಳೆ ಬತ್ತಾ ಐತೆ, ಇವತ್ತು ಬ್ಯಾಡ ಬಿಡೇ" ಅಂದಳು ಅಮ್ಮ. ಮಳೆ ಇದ್ದರೆ ಮೋಡ ಇನ್ನೂ ಚೆನ್ನಾಗಿರುತ್ತೆ ಅಂತ ನಾನೇ ಅವಳಿಗೆ ಪಾಠ ಹೇಳಿದೆ.

ನಗುವವರಿಗೆ ಒಂದು ಸಣ್ಣ ಲೆಕ್ಕ. ನಂದಿ ಬೆಟ್ಟದ ಎತ್ತರ 1,478 ಮೀಟರ್. ಕೆಳಗಿನ ಚಿಕ್ಕಬಳ್ಳಾಪುರ ಊರು ಸುಮಾರು 900 ಮೀಟರ್. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಅಂತ ಹಿಡಿದರೂ ಮೇಲೆ ಹೋಗೋಷ್ಟರಲ್ಲಿ ಸುಮಾರು ಮೂರೂಮುಕ್ಕಾಲು ಡಿಗ್ರಿ ಕಮ್ಮಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದರೆ ನಮ್ಮ ಕಡೆ ಜಡಿ ಹಿಡಿಯೋದು ಈ ತಿಂಗಳಲ್ಲೇ. ಮೋಡ ಬೆಟ್ಟದ ಮೇಲೆ ಬಂದು ಕೂತರೆ ಅದು ಕಣ್ಣಿಗೆ ಮಂಜು, ಕೈಗೆ ನೀರು. ಮೇಲಿಂದ ಗಾಳಿ. ಹಿಮ ಬೀಳದಿದ್ದರೇನು, ಹದಿಮೂರು ಡಿಗ್ರಿಯಲ್ಲಿ ಒದ್ದೆ ಕೈ ಮರಗಟ್ಟಲು ಅರ್ಧ ಗಂಟೆ ಸಾಕು.

ಅವತ್ತು ನನ್ನ ಕೈಯಲ್ಲಿದ್ದಿದ್ದು ಮೊದಲನೇ ಜೊತೆ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಸ್ವೆಟರ್, ಮಂಕಿ ಕ್ಯಾಪ್ ಜೊತೆ ನೇತುಹಾಕಿರುತ್ತಾರಲ್ಲ, ಆ ಹೆಣೆದ ಗ್ಲೌಸು. ಉಲ್ಲನ್ ಅಂತ ಹೇಳಿ ಕೊಟ್ಟರು, ಮುಟ್ಟಿದರೆ ಗೊತ್ತಾಗುತ್ತೆ ಅಕ್ರಿಲಿಕ್ ಅಂತ. ಬೈಕ್ ಮೇಲೆ ಅರ್ಧ ದಾರಿಗೇ ನೀರು ಕುಡಿದು ಭಾರವಾಯ್ತು. ಮೇಲೆ ಹೋಗಿ ಕ್ಯಾಮೆರಾ ತೆಗೆದರೆ ಝೂಮ್ ರಿಂಗ್ ಮೇಲೆ ಬೆರಳು ಜಾರುತ್ತೆ. ಡಯಲ್ ತಿರುಗಿಸಿದರೆ ಎರಡು ಹಲ್ಲು ದಾಟಿ ಹೋಗುತ್ತೆ. ಟಚ್ ಸ್ಕ್ರೀನ್ ಅಂತೂ ನನ್ನ ಪರಿಚಯವೇ ಇಲ್ಲದ ಹಾಗೆ ಸುಮ್ಮನಿತ್ತು. ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಬರಿಗೈಯಲ್ಲಿ ಇಪ್ಪತ್ತು ನಿಮಿಷ ಕಾದೆ. ಮೋಡ ಸ್ವಲ್ಪ ಹರಿದು ದೂರದಲ್ಲಿ ಸ್ಕಂದಗಿರಿ ಕಂಡ ಹಾಗಾಯ್ತು. ಓಡಿ ಲೆನ್ಸ್ ಬದಲಾಯಿಸಲು ಹೋದೆ. ಬಿಚ್ಚಿದ ಲೆನ್ಸ್ ನನ್ನ ಎಡಗೈಯಲ್ಲಿದೆ ಅಂದುಕೊಂಡಿದ್ದೆ. ಅದು ನೆಲಕ್ಕೆ ಬಿದ್ದ ಸದ್ದು ಕೇಳಿದ ಮೇಲೇ ಕೈಯಲ್ಲಿಲ್ಲ ಅಂತ ಗೊತ್ತಾಗಿದ್ದು. ಬೆರಳಿಗೆ ಯಾವ ಸುದ್ದಿಯೂ ತಲುಪಿರಲಿಲ್ಲ.

ರಿಪೇರಿಗೆ ಎರಡು ಸಾವಿರದ ಎಂಟುನೂರು. ಅಕ್ಕ ಬೈಯಲಿಲ್ಲ, ಅದು ಇನ್ನೂ ಕಷ್ಟ. ಮನೆಯಲ್ಲಿ ಹೇಳಲೇಬೇಕಾಯ್ತು. ಅಮ್ಮ ಏನೂ ಅನ್ನದೆ ಒಳಗೆ ಹೋಗಿ ಚೀಟಿಗೆ ಕಟ್ಟಲು ಇಟ್ಟಿದ್ದ ದುಡ್ಡು ತಂದಳು. ನೋಟುಗಳನ್ನು ನನ್ನ ಕೈಗೆ ಕೊಟ್ಟು, "ನೀನೇ ಎಣಿಸ್ಕೋ, ನನ್ ಬೆರಳಿಗೆ ನೋಟು ಬಿಡಿಸೋಕಾಗಲ್ಲ" ಅಂದಳು.

ಅಮ್ಮ ಫಿಲೇಚರಿನಲ್ಲಿ ನೂಲು ಬಿಚ್ಚುತ್ತಾಳೆ. ಅದರ ಕಥೆಗೆ ಆಮೇಲೆ ಬರ್ತೀನಿ.

ದುಡ್ಡು ಹೋದ ಮೇಲೆ ಬುದ್ಧಿ ಬಂತು. ಸೋತಿದ್ದು ಯಾಕೆ ಅಂತ ನೋಡಲು ಆ ಅಕ್ರಿಲಿಕ್ ಗ್ಲೌಸನ್ನು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಣಗಿದಾಗ ಒಮ್ಮೆ, ನೆನೆಸಿ ಹಿಂಡಿ ಒಮ್ಮೆ ತೂಗಿದೆ. ಒಂದು ಕೈಯದು ಸುಮಾರು 40 ಗ್ರಾಂ ನೀರು ಹಿಡಿದಿತ್ತು. ಒಂದು ಗ್ರಾಂ ನೀರು ಆವಿಯಾಗಲು ಹತ್ತಿರ ಹತ್ತಿರ 2,450 ಜೂಲ್ ಬೇಕು. ಅಂದರೆ ಆ ಗ್ಲೌಸು ಒಣಗಬೇಕಾದರೆ ಸುಮಾರು 98 ಕಿಲೋಜೂಲ್. ಎಲ್ಲವೂ ನನ್ನ ಕೈಯಿಂದಲೇ ಹೋಗಲ್ಲ, ಸುತ್ತಲ ಗಾಳಿಯೂ ಕೊಡುತ್ತೆ. ಆದರೂ ದೊಡ್ಡ ಪಾಲು ನನ್ನದೇ. ಜೊತೆಗೆ ಗ್ಲೌಸು ಬೆಚ್ಚಗಿಡೋದು ಎಳೆಗಳ ನಡುವೆ ನಿಂತ ಗಾಳಿಯಿಂದ. ಆ ಜಾಗಕ್ಕೆ ನೀರು ಬಂದು ಕೂತರೆ, ನೀರು ಗಾಳಿಗಿಂತ ಹೆಚ್ಚುಕಡಿಮೆ 24 ಪಟ್ಟು ಸುಲಭವಾಗಿ ಶಾಖ ದಾಟಿಸುತ್ತೆ. ಒದ್ದೆ ಗ್ಲೌಸ್ ಹಾಕ್ಕೊಂಡರೆ ಬೆಚ್ಚಗಾಗೋದಿರಲಿ, ಕೈಗೆ ಕೂಲರ್ ಕಟ್ಟಿಕೊಂಡ ಹಾಗೆ. ಹತ್ತಿ ಬಟ್ಟೆಯದು ಇನ್ನೂ ಕಷ್ಟ. ನಿಜವಾದ ಉಣ್ಣೆ ನೆನೆದರೂ ಒಂದಷ್ಟು ಬೆಚ್ಚಗಿಡುತ್ತೆ, ಆದರೆ ಅದರ ಬೆಲೆ ಕೇಳಿ ಅಲ್ಲೇ ಇಟ್ಟು ಬಂದೆ.

ಎರಡನೇ ಜೊತೆ ಅಣ್ಣನ ರೈಡಿಂಗ್ ಗ್ಲೌಸು. ಗಾಳಿ ನುಗ್ಗಲ್ಲ, ಬೇಗ ನೆನೆಯಲ್ಲ. ಮುಂದಿನ ಭಾನುವಾರ ಅದನ್ನು ಹಾಕ್ಕೊಂಡು ಹೋದೆ. ಬೈಕ್ ಮೇಲೆ ಸ್ವರ್ಗ. ಕ್ಯಾಮೆರಾ ಹಿಡಿದರೆ ಮಾತ್ರ ಬಾಕ್ಸಿಂಗ್ ಆಡೋಕೆ ಬಂದ ಹಾಗೆ. ಶಟರ್ ಬಟನ್ ಅರ್ಧ ಒತ್ತಿ ಫೋಕಸ್ ಮಾಡಬೇಕಲ್ಲ, ಆ ಅರ್ಧ ಎಲ್ಲಿ ಅಂತ ಅಷ್ಟು ದಪ್ಪ ಪ್ಯಾಡಿನ ಹಿಂದಿನಿಂದ ತಿಳಿಯಲ್ಲ. ಬಿಚ್ಚಿ ಕಟ್ಟೆ ಮೇಲಿಟ್ಟು ಕ್ಯಾಮೆರಾ ಕಣ್ಣಿಗೆ ಹಿಡಿದೆ. ತಿರುಗಿ ನೋಡೋಷ್ಟರಲ್ಲಿ ಒಂದು ಗ್ಲೌಸು ಮಂಗನ ಕೈಯಲ್ಲಿತ್ತು. ನಂದಿ ಬೆಟ್ಟಕ್ಕೆ ಹೋದವರಿಗೆ ಅಲ್ಲಿನ ಮಂಗಗಳ ಪರಿಚಯ ಇದ್ದೇ ಇರುತ್ತೆ. "ಹೋಗ್ಲಿ ಬಿಡು, ಅದಕ್ಕೂ ಚಳಿ ಇರಲ್ವಾ" ಅಂದ ಅಣ್ಣ. ಆದರೆ ಇಡೀ ವಾರ ನನ್ನ ಜೊತೆ ಮಾತಾಡಲಿಲ್ಲ.

ಮೂರನೇ ಜೊತೆ ಸಿಕ್ಕಿದ್ದು ಚಿಂತಾಮಣಿಯ ಗೆಳೆಯನಿಂದ. ಅವರ ಮನೆಯವರು ಗುಲಾಬಿ ಬೆಳೆಯುತ್ತಾರೆ. "ಹೂ ಕೀಳೋರು ಹಾಕ್ಕೊಳ್ಳೋ ಗ್ಲೌಸ್ ನೋಡಿದೀಯಾ? ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ" ಅಂದ. ತೆಳ್ಳಗಿನ ನೈಲಾನ್ ಹೆಣಿಗೆ, ಅಂಗೈಗೆ ಮತ್ತು ಬೆರಳಿನ ಒಳಭಾಗಕ್ಕೆ ರಬ್ಬರ್ ಲೇಪ. ನೂರು ರೂಪಾಯಿಯೊಳಗೇ ಬಂತು. ಒದ್ದೆ ಲೋಹವನ್ನೂ ಗಟ್ಟಿಯಾಗಿ ಹಿಡಿಯುತ್ತೆ. ಹಿಂಭಾಗದಿಂದ ನೀರು ಬರುತ್ತೆ ಅನ್ನೋದೊಂದೇ ತೊಂದರೆ. ಅದಕ್ಕೆ ಒಳಗೆ ಮೆಡಿಕಲ್ ಶಾಪಿನಲ್ಲಿ ಸಿಗೋ ನೀಲಿ ನೈಟ್ರೈಲ್ ಗ್ಲೌಸ್ ಹಾಕಿದೆ. ಹೊರಗಿನದು ನೆನೆದರೂ ಚರ್ಮ ನೆನೆಯಲ್ಲ.

ಆಮೇಲೆ ಬಲಗೈಯ ಹೊರಗಿನ ಗ್ಲೌಸಿನಲ್ಲಿ ಹೆಬ್ಬೆರಳು, ತೋರುಬೆರಳಿನ ತುದಿ ಮಾತ್ರ ಕತ್ತರಿಸಿದೆ. ಶಟರ್, ಡಯಲ್, ಸ್ಕ್ರೀನ್ ಎಲ್ಲ ಆ ಎರಡು ಬೆರಳಿನ ಕೆಲಸ. ಅಲ್ಲಿ ಬರೀ ತೆಳ್ಳಗಿನ ನೈಟ್ರೈಲ್ ಇದ್ದರೆ ಅರ್ಧ ಒತ್ತಿದ್ದೂ ತಿಳಿಯುತ್ತೆ, ಸ್ಕ್ರೀನೂ ಮಾತು ಕೇಳುತ್ತೆ. ಎಡಗೈ ಲೆನ್ಸನ್ನು ಕೆಳಗಿನಿಂದ ಹೊತ್ತು ರಿಂಗ್ ತಿರುಗಿಸಿದರೆ ಸಾಕು, ಅದನ್ನು ಮುಟ್ಟಲಿಲ್ಲ.

ನೀವೂ ಮಾಡೋದಾದರೆ ಇನ್ನೆರಡು ಮಾತು. ಹೊರಗಿನದು ಬಿಗಿಯಾಗದ ಹಾಗೆ ಒಂದು ಸೈಜ್ ದೊಡ್ಡದು ತಗೊಳ್ಳಿ. ಬಿಗಿಯಾದರೆ ಬೆರಳಿಗೆ ರಕ್ತ ಓಡಲ್ಲ, ಇನ್ನೂ ಬೇಗ ತಣ್ಣಗಾಗುತ್ತೆ. ಒಳಗಿನದರಲ್ಲಿ ಬೆವರು ನಿಲ್ಲುತ್ತೆ, ಗಂಟೆಗೊಮ್ಮೆ ಬದಲಾಯಿಸಲು ಇನ್ನೊಂದು ಜೊತೆ ಜೇಬಿನಲ್ಲಿರಲಿ. ಬಿಸಾಡುವ ಜಾಗ ಬೆಟ್ಟ ಅಲ್ಲ, ಬ್ಯಾಗು. ಅಲ್ಯೂಮಿನಿಯಂ ಟ್ರೈಪಾಡ್ ಇದ್ದರೆ ಕಾಲಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ. ಚಳಿಯಿಂದ ಬಂದು ಬಿಸಿ ದೋಸೆಗೆ ಅಂತ ಹೋಟೆಲಿಗೆ ನುಗ್ಗುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಇಲ್ಲದಿದ್ದರೆ ಲೆನ್ಸ್ ಮೇಲೆ ನೀರು ಕೂರುತ್ತೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನೈಟ್ರೈಲ್ ಗ್ಲೌಸಿನ ಡಬ್ಬಿಯಲ್ಲಿ ನೂರು ಇರುತ್ತೆ. ನನಗೆ ಬೇಕಿದ್ದದ್ದು ಹತ್ತು ಹನ್ನೆರಡು. ಉಳಿದಿದ್ದನ್ನು ನೋಡಿ ತಲೆಗೆ ಹೊಳೆಯಿತು, ಅಮ್ಮನಿಗೆ ಕೊಟ್ಟರೆ? ಇಷ್ಟು ವರ್ಷ ಯಾರಿಗೂ ಹೊಳೆದಿಲ್ಲವಲ್ಲ ಅಂತ ಒಳಗೊಳಗೇ ಹೆಮ್ಮೆಯೂ ಆಯ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಎಲ್ಲರಿಗೂ ಗೊತ್ತು. ಅಲ್ಲಿಂದ ಗೂಡು ರೀಲರುಗಳ ಮನೆಗೆ ಹೋದ ಮೇಲೆ ಏನಾಗುತ್ತೆ ಅನ್ನೋದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲ್ಲ. ಗೂಡು ಬೇಯಿಸಿದಾಗ ಎಳೆಗೆ ಅಂಟಿರೋ ಸೆರಿಸಿನ್ ಅನ್ನೋ ಅಂಟು ಸಡಿಲವಾಗುತ್ತೆ. ಆಮೇಲೆ ಬಿಸಿ ನೀರಿನ ತೊಟ್ಟಿಯಲ್ಲಿ ತೇಲೋ ಗೂಡುಗಳಿಂದ ಎಳೆಯ ತುದಿ ಹುಡುಕಿ, ಎಂಟು ಹತ್ತು ಎಳೆ ಸೇರಿಸಿ ಒಂದು ನೂಲು ಮಾಡಬೇಕು. ಒಂದು ಗೂಡು ಮುಗಿದ ತಕ್ಷಣ ಇನ್ನೊಂದರ ಎಳೆ ಕೊಡಬೇಕು. ಬೆಳಗ್ಗೆಯಿಂದ ಸಂಜೆವರೆಗೆ ಕೈ ಆ ನೀರಿನಲ್ಲೇ. ಅಮ್ಮನ ಬೆರಳ ತುದಿ ಬೆಳ್ಳಗೆ ಊದಿಕೊಂಡಿರುತ್ತೆ, ಸಂದಿಯಲ್ಲಿ ಬಿರುಕು. ರೇಷನ್ ಅಂಗಡಿಯ ಮಿಷನ್ನು ಅವಳ ಬೆರಳಚ್ಚು ತಗೊಳ್ಳಲ್ಲ, ಅದಕ್ಕೆ ಅಣ್ಣ ಹೋಗ್ತಾನೆ.

ಡಬ್ಬಿ ಕೊಟ್ಟೆ. ಸೋಮವಾರ ರಜೆ ಇತ್ತು, ಜೊತೆಗೇ ಹೋದೆ. ಅಮ್ಮ ನನ್ನ ಸಮಾಧಾನಕ್ಕೆ ಹಾಕ್ಕೊಂಡು ತೊಟ್ಟಿಗೆ ಕೈ ಹಾಕಿದಳು. ಎರಡು ನಿಮಿಷ ಆಗಿರಬಹುದು. ಮಣಿಕಟ್ಟಿನಿಂದ ಬಿಸಿ ನೀರು ಒಳಗೆ ನುಗ್ಗಿ ಗ್ಲೌಸು ಬಲೂನಿನ ಹಾಗಾಯ್ತು. ಅದನ್ನಾದರೂ ತಡಕೊಳ್ಳುತ್ತಿದ್ದಳೇನೋ. ಅಷ್ಟರಲ್ಲಿ ಅವಳ ಎದುರು ಎರಡು ನೂಲು ತುಂಡಾಗಿ ನಿಂತವು.

"ಎಳೆ ಸಿಗ್ತಿಲ್ಲ ಕಣೇ" ಅಂದಳು. "ಇದನ್ನ ಕಣ್ಣಲ್ಲಿ ನೋಡಿ ಹಿಡಿಯೋದಲ್ಲ, ಬೆರಳಿಗೇ ಕಣ್ಣಿರಬೇಕು. ನೀನು ಅದಕ್ಕೆ ಬಟ್ಟೆ ಕಟ್ಟಿದಂಗೆ ಮಾಡ್ದೆ." ಬಿಚ್ಚಿ ಪಕ್ಕಕ್ಕಿಟ್ಟು, ಬರಿಗೈಯಲ್ಲಿ ಒಂದು ಸಲ ಸವರಿ ಎರಡೂ ಎಳೆ ಎತ್ತಿ ಕೊಟ್ಟಳು. ನನಗೆ ಅಲ್ಲೇನೂ ಕಾಣಿಸಲಿಲ್ಲ. ರೇಷ್ಮೆಯ ಒಂದೊಂದು ಎಳೆ ತಲೆಗೂದಲಿಗಿಂತ ಎಷ್ಟೋ ಸಣ್ಣದು.

ನಾನು ಅಲ್ಲಿ ಸುಮ್ಮನೆ ನಿಂತಿದ್ದೆ. ನನ್ನ ಕೆಲಸದಲ್ಲಿ ಯಾವ ಬೆರಳಿಗೆ ಸ್ಪರ್ಶ ಬೇಕು, ಯಾವುದಕ್ಕೆ ಬೇಡ ಅಂತ ಆರಿಸಿ ಎರಡು ತುದಿ ಕತ್ತರಿಸಿದ್ದೆ. ಅಮ್ಮನ ಕೆಲಸದಲ್ಲಿ ಆ ಆಯ್ಕೆಯೇ ಇಲ್ಲ. ಕೂಲಿ ಸಿಗೋದು ಯಾವ ಜಾಗದಿಂದಲೋ, ಹಾಳಾಗೋದೂ ಅದೇ ಜಾಗ. ಹದಿಮೂರು ಡಿಗ್ರಿಯಲ್ಲಿ ಅರ್ಧ ಗಂಟೆ ಬೆರಳಿಗೆ ಜೀವ ಇರಲಿಲ್ಲ ಅಂತ ನಾನು ಲೆನ್ಸ್ ಬೀಳಿಸಿದ್ದೆ. ಅದರ ದುಡ್ಡು ಬಂದಿದ್ದು ಈ ಬೆರಳುಗಳ ಎಂಟು ಒಂಬತ್ತು ದಿನದ ಕೂಲಿಯಿಂದ.

ಸ್ಪರ್ಧೆಗೆ ಅವಳ ಕೈಯ ಫೋಟೋ ಕಳಿಸೋಣ ಅನ್ನಿಸಿತು. ಕ್ಯಾಮೆರಾ ಎತ್ತಿದೆ. "ಕೈದು ಬ್ಯಾಡ. ಈ ಕೈ ಯಾರಿಗ್ ತೋರಿಸ್ತೀಯ? ನೂಲು ತೆಗಿ, ಚೆನ್ನಾಗೈತೆ" ಅಂದಳು. ರಾಟೆಯ ಮೇಲೆ ಸುತ್ತುತ್ತಿದ್ದ ಹಳದಿ ನೂಲಿನ ಫೋಟೋ ತೆಗೆದು ಕಳಿಸಿದೆ. ಬಹುಮಾನ ಬರಲಿಲ್ಲ. ಬಂದಿದ್ದು ನಂದಿ ಬೆಟ್ಟದ ಸೂರ್ಯೋದಯಕ್ಕೆ, ನನ್ನದಲ್ಲ, ಬೇರೆಯವರದು.

ಡಬ್ಬಿ ಪೂರ್ತಿ ವ್ಯರ್ಥ ಆಗಲಿಲ್ಲ. ತೊಟ್ಟಿ ತೊಳೆಯುವಾಗ, ನೂಲು ಬಿಚ್ಚಿದ ಮೇಲೆ ಉಳಿಯೋ ಹುಳು ತೆಗೆದು ಹಾಕುವಾಗ ಎಳೆ ಹುಡುಕೋ ಕೆಲಸ ಇಲ್ಲ. ಆಗ ಅಮ್ಮ ಗ್ಲೌಸ್ ಹಾಕ್ಕೊಳ್ತಾಳೆ. ಪಕ್ಕದ ತೊಟ್ಟಿಯ ಆಂಟಿಯೂ ನಾಲ್ಕು ಜೊತೆ ತಗೊಂಡರು. ದಿನಕ್ಕೆ ಒಂದು ಗಂಟೆಯಾದರೂ ಕೈ ಒಣಗಿರುತ್ತೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ನನ್ನ ಆ ಮೊದಲನೇ ಅಕ್ರಿಲಿಕ್ ಜೊತೆ ಹಾಕ್ಕೊಂಡು ಮಲಗ್ತಾಳೆ, ಹಾಸಿಗೆಗೆ ಎಣ್ಣೆ ಆಗಬಾರದು ಅಂತ. ಬಿರುಕು ಮೊದಲಿಗಿಂತ ಪರವಾಗಿಲ್ಲ ಅಂತಾಳೆ. ನನ್ನ ಸಮಾಧಾನಕ್ಕೆ ಹೇಳ್ತಾಳೋ, ನಿಜವೋ, ಹೋದಾಗೆಲ್ಲ ಕೈ ಹಿಡಿದು ನೋಡ್ತೀನಿ.

ಯಂತ್ರವೇ ಎಳೆಯ ತುದಿ ಹುಡುಕೋ ಆಟೋಮ್ಯಾಟಿಕ್ ರೀಲಿಂಗ್ ಮಿಷನ್ನುಗಳು ಇವೆ. ಆದರೆ ಅವು ಅಮ್ಮ ಕೂರುವ ಜಾಗದವರೆಗೆ ಬಂದಿಲ್ಲ. ಮೆಕ್ಯಾನಿಕಲ್ಲಿನವರು ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಇಲ್ಲ ಅಂತ ಪ್ರತಿ ಸೆಮಿಸ್ಟರ್ ಒದ್ದಾಡ್ತೀರಲ್ಲ, ಶಿಡ್ಲಘಟ್ಟಕ್ಕೆ ಬನ್ನಿ. ನೀರು ಒಳಗೆ ಬಿಡದ, ಎಳೆ ಮಾತ್ರ ಗೊತ್ತಾಗುವ ಗ್ಲೌಸು ಬೇಕು. ಟೆಸ್ಟಿಂಗ್ ಅಮ್ಮನೇ ಮಾಡ್ತಾಳೆ, ಎರಡು ನಿಮಿಷದಲ್ಲಿ ರಿಸಲ್ಟ್ ಹೇಳಿಬಿಡ್ತಾಳೆ.

ಮಳೆ ಬಂದರೂ ಈ ಡಿಸೆಂಬರಿನಲ್ಲಿ ಮತ್ತೆ ನಂದಿ ಬೆಟ್ಟಕ್ಕೆ ಹೋಗ್ತಿದೀನಿ. ಗೌರಿಬಿದನೂರಿನವಳೂ ಬರ್ತೀನಿ ಅಂದಿದಾಳೆ. "ನನಗೂ ಒಂದು ಜೊತೆ ಇಟ್ಕೊಂಡಿರು" ಅಂದಳು. ಇಟ್ಟಿದೀನಿ. ಮಂಗನಿಂದ ಕಾಪಾಡಿಕೊಳ್ಳೋದು ಅವಳ ಜವಾಬ್ದಾರಿ.