ಹೊಸಂಗಡಿಯಿಂದ ಡೊಂಗರಕೇರಿಗೆ

ಕಾಸರಗೋಡು ಜಿಲ್ಲೆಯ ಹೊಸಂಗಡಿ ಪೇಟೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಅಲ್ಲಿಂದ ಮಂಗಳೂರು ಬಸ್ಸು ಹತ್ತಿದೆ. ಬೆನಗಲ್ ನರಸಿಂಗ ರಾವ್ ಓದಿದ ಕೆನರಾ ಹೈಸ್ಕೂಲನ್ನು ಕಣ್ಣಾರೆ ನೋಡಬೇಕೆಂಬ ಆಸೆ ಬಹಳ ಕಾಲದ್ದು. ಅಮೆರಿಕದ ಪ್ರಜಾಪ್ರಭುತ್ವದ ಬೇರುಗಳನ್ನು ನಮ್ಮ ಸಂವಿಧಾನಕ್ಕಾಗಿ ಕೆದಕಿ ನೋಡಿದವರು ಈ ಕರಾವಳಿಯವರು ಎಂಬುದು ನನಗೆ ದೊಡ್ಡ ಹೆಮ್ಮೆ.

ಕುಂಜತ್ತೂರು ಕಳೆದು ತಲಪಾಡಿ ಬಂತು. 1956ರ ನವೆಂಬರ್ 1ಕ್ಕೆ ಮುಂಚೆ ಇಲ್ಲಿ ರಾಜ್ಯದ ಗಡಿ ಇರಲಿಲ್ಲ. ಎರಡೂ ಕಡೆ ಆಗ ದಕ್ಷಿಣ ಕನ್ನಡ ಜಿಲ್ಲೆಯೇ ಇತ್ತು.

ರಾವ್ ಹುಟ್ಟಿದ್ದು 1887ರಲ್ಲಿ, ಮಂಗಳೂರಿನಲ್ಲಿ. ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಕೊನೆಯ ತಿಂಗಳುಗಳಲ್ಲಿ ಅವರು ಅಮೆರಿಕಕ್ಕೆ ಹೋದರು. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಜೊತೆ ಮಾತಾಡಿದರು. ಮಾತು ಬಂದದ್ದು ನ್ಯಾಯಸಮ್ಮತ ಕಾನೂನು ಪ್ರಕ್ರಿಯೆಯ ಬಗ್ಗೆ, ಅಂದರೆ ನ್ಯಾಯವಾದ ವಿಧಾನವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಸರ್ಕಾರ ಕಸಿಯಬಾರದೆಂಬ ನಿಯಮದ ಬಗ್ಗೆ. ಅದರ ಬೇರು ಇಂಗ್ಲೆಂಡಿನ 1215ರ ಮ್ಯಾಗ್ನಾ ಕಾರ್ಟಾದಲ್ಲಿದೆ. ಜೀವ, ಸ್ವಾತಂತ್ರ್ಯ, ಆಸ್ತಿ ಮನುಷ್ಯನ ಹುಟ್ಟುಹಕ್ಕು ಎಂದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್‌ನ ವಿಚಾರ ಅದಕ್ಕೆ ನೀರೆರೆಯಿತು. ಬಹುಮತವೇ ಅನ್ಯಾಯಕ್ಕೆ ಇಳಿದರೆ ಏನು ಗತಿ ಎಂದು ಚಿಂತಿಸಿದ ಅಮೆರಿಕದ ಜೇಮ್ಸ್ ಮ್ಯಾಡಿಸನ್ ಅದನ್ನು ಹಕ್ಕುಗಳ ಕರಡಿಗೆ ಸೇರಿಸಿದ. 1791ರಲ್ಲಿ ಅದು ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿಯ ಭಾಗವಾಯಿತು. ಗುಲಾಮರಿಗೆ ಮಾತ್ರ ಆ ಹಕ್ಕು ದಕ್ಕಲಿಲ್ಲ. ಗುಲಾಮಗಿರಿ ಕೊನೆಗೊಂಡದ್ದೇ 1865ರಲ್ಲಿ.

ಫ್ರಾಂಕ್‌ಫರ್ಟರ್ ನ್ಯಾಯಸಮ್ಮತ ಪ್ರಕ್ರಿಯೆಯ ಮಾತು ಭಾರತದ ಸಂವಿಧಾನಕ್ಕೆ ಬೇಡವೆಂದರು. ಜನ ಆರಿಸಿದ ಶಾಸನಸಭೆಯ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಸಲ್ಲದು ಎಂಬುದು ಅವರ ನಿಲುವು. ಅದಕ್ಕೆ ಕಾರಣವೂ ಇತ್ತು. ಬೇಕರಿ ಕೆಲಸಗಾರರನ್ನು ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ನ್ಯೂಯಾರ್ಕಿನ ಕಾನೂನನ್ನು 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದೇ ನ್ಯಾಯಸಮ್ಮತ ಪ್ರಕ್ರಿಯೆಯ ಆಧಾರದ ಮೇಲೆ ರದ್ದು ಮಾಡಿತ್ತು. ನಮ್ಮಲ್ಲಿ ಭೂಸುಧಾರಣೆಗೂ ಅದೇ ಗತಿ ಬಂದೀತೆಂಬ ಆತಂಕ ಇದ್ದೇ ಇತ್ತು. ಕೊನೆಗೆ ನಮ್ಮ ಸಂವಿಧಾನದ 21ನೇ ವಿಧಿಯಲ್ಲಿ ಉಳಿದದ್ದು ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಮಾತ್ರ. ಆ ಕಾನೂನೇ ನ್ಯಾಯವಾದದ್ದೋ ಎಂದು ಕೇಳುವ ಬಾಗಿಲು ಮುಚ್ಚಿತು.

ಆ ಬಾಗಿಲನ್ನು ಮೊದಲು ತಟ್ಟಿದವರಲ್ಲಿ ಒಬ್ಬರು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್. ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟದ್ದನ್ನು ಪ್ರಶ್ನಿಸಿ 1950ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು, ಸೋತರು. ನ್ಯಾಯಮೂರ್ತಿ ಫಜಲ್ ಅಲಿ ಭಿನ್ನ ತೀರ್ಪು ಬರೆದು ಅವರ ಪರ ನಿಂತರು. ಮುಂದೆ 1957, 1962, 1967ರಲ್ಲಿ ಇದೇ ಗೋಪಾಲನ್ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿ ಹೋದರು. ರಾವ್ ಹುಟ್ಟಿದ ಊರೂ ಗೋಪಾಲನ್ ಗೆದ್ದ ಕ್ಷೇತ್ರವೂ ಒಂದೇ ಬಸ್ಸಿನ ದಾರಿಯಲ್ಲಿವೆ!

ನೇತ್ರಾವತಿ ಸೇತುವೆ ದಾಟಿ ಮಂಗಳೂರು ಸೇರಿ, ಡೊಂಗರಕೇರಿಗೆ ನಡೆದೆ. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕಟ್ಟಿದ ಶಾಲೆಯ ಗೇಟಿನ ಬಳಿ ನಿಂತು ನೋಡಿದೆ. ರಾವ್ ಬಗ್ಗೆ ನನ್ನ ಗೌರವ ಕುಂದಿಲ್ಲ. ಹೊಸ ದೇಶದ ಬಡವರ ಪರವಾದ ಕಾನೂನುಗಳು ಕೋರ್ಟಿನಲ್ಲಿ ಸಾಯಬಾರದೆಂಬ ಕಾಳಜಿ ನ್ಯಾಯವಾದದ್ದೇ. ಆದರೆ ಸೆರೆಮನೆಯಲ್ಲಿರುವವನ ವಿಷಯದಲ್ಲಿ ಫ್ರಾಂಕ್‌ಫರ್ಟರ್ ಸಲಹೆ ನಮಗೆ ದುಬಾರಿಯಾಯಿತು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾರ್ಯವಿಧಾನವೂ ನ್ಯಾಯಯುತವಾಗಿರಬೇಕು ಎಂದಿತು. ಗೋಪಾಲನ್ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಕಾನೂನು ಓದುವ ಗಡಿನಾಡಿನ ಮಕ್ಕಳು ಫಜಲ್ ಅಲಿಯವರ ಆ ಭಿನ್ನ ತೀರ್ಪನ್ನು ಒಮ್ಮೆ ಪೂರ್ತಿ ಓದಲಿ.