ನಿಂತ ಅರಮನೆಯ ಬೆನ್ನು

ಗೋಕಾವಿ ನಾಡು ನಾಟಕಪ್ರಿಯರ ನಾಡು. ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಮೊದಲಾದವರಿಂದ ಮೆರೆದ ಶ್ರೀಕೃಷ್ಣ ಪಾರಿಜಾತವು ಎತ್ತರದ ದೃಶ್ಯಗಳನ್ನು ಬೇಡಿದ ಕಲೆಯಲ್ಲ. ದ್ವಾರಕೆಯು ಅಲ್ಲಿ ಹಾಡಿನಲ್ಲಿಯೇ ಎದ್ದು ನಿಲ್ಲುತ್ತದೆ. ವೃತ್ತಿನಾಟಕ ಕಂಪನಿಗಳು ಚಿತ್ರಿತ ಪರದೆಗಳನ್ನು ತಂದವು. ಪರದೆಯಾದರೋ ಮೇಲಿನಿಂದ ತೂಗುವ ವಸ್ತು. ಶಾಲೆಗಳ ಸ್ನೇಹಸಮ್ಮೇಳನದಲ್ಲಿ ಕಲ್ಯಾಣದ ಅರಮನೆಯು ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಬಿಗಿಸಿಕೊಂಡು ನೆಲದ ಮೇಲೆ ತಾನೇ ನಿಲ್ಲುತ್ತದೆ. ಅದರ ಮುಂದೆ ಮಕ್ಕಳು ನಿಲ್ಲುತ್ತಾರೆ. ವಿಚಾರಿಸಬೇಕಾದುದು ಇಲ್ಲಿಯೇ.

ಹುಕ್ಕೇರಿಯ ಗುಮ್ಮಟಗಳು ಶತಮಾನಗಳಿಂದ ಅಚಲವಾಗಿವೆ. ಅವುಗಳ ಬುಡ ವಿಶಾಲ, ಭಾರ ಅಪಾರ. ರಂಗದ ಅರಮನೆ ಇದಕ್ಕೆ ತೀರ ವಿರುದ್ಧ: ಎತ್ತರವುಂಟು, ಬುಡವಿಲ್ಲ, ಹರವುಂಟು, ಭಾರವಿಲ್ಲ. 12 ಅಡಿ ಎತ್ತರ, 6 ಅಡಿ ಅಗಲದ ಒಂದು ಚೌಕಟ್ಟಿನ ಮೇಲೆ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಸುಮಾರು 35 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ.

ಸಾಮಾನ್ಯವಾಗಿ ಹಿಂದೆ ಒಂದು ಆನಿಕೆಯ ಕೋಲನ್ನು ಓರೆಯಾಗಿ ಕೊಟ್ಟು ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಬರಿದೇ ಆನಿಸಿದ ಕೋಲು ಹಿಂದಕ್ಕೆ ಬೀಳುವುದನ್ನು ತಡೆದೀತೇ ಹೊರತು ಮುಂದಕ್ಕೆ, ಎಂದರೆ ಮಕ್ಕಳ ಮೇಲೆ, ಬೀಳುವುದನ್ನು ತಡೆಯಲಾರದು. ಆದುದರಿಂದ ಕೋಲಿನ ತುದಿಯನ್ನು ಚೌಕಟ್ಟಿನ ಮೇಲ್ಭಾಗಕ್ಕೆ ಬೋಲ್ಟಿನಿಂದ ಬಿಗಿಯಬೇಕು. ಬುಡವನ್ನು 4 ಅಡಿ ಹಿಂದಕ್ಕೆ ಸರಿಸಿ, ಅಡ್ಡಪಟ್ಟಿಯಿಂದ ಚೌಕಟ್ಟಿನ ತಳಕ್ಕೆ ಜೋಡಿಸಿ, ಆ ಬುಡದ ಮೇಲೆ ಭಾರವಿಡಬೇಕು. ಮೇಲೆ ಹೇಳಿದ ಗಾಳಿಯನ್ನು ತಡೆಯಲು 50 ಕಿಲೋಗೂ ಮಿಕ್ಕ ಭಾರ ಬೇಕು. ಒಂದು ಚೀಲ ಮರಳು ಸಾಲದು, ಎರಡಿರಲಿ. ಮಣ್ಣಿನ ನೆಲವಾದರೆ ಗೂಟ ಬಡಿದು ಹಗ್ಗ ಬಿಗಿಯಬಹುದು. ಕಲ್ಲುಹಾಸಿನ ಕಟ್ಟೆಯಲ್ಲಿ ಭಾರವೇ ಗತಿ. ಗಾಳಿ ಬಲವಾದರೆ ಅರಮನೆಯನ್ನು ಮಲಗಿಸಿ ನಾಟಕವಾಡಿಸುವುದೇ ವಿವೇಕ.

ಹುಡುಗನೊಬ್ಬನನ್ನು ಹಿಂದೆ ನಿಲ್ಲಿಸಿ, "ಹಿಡಿದುಕೋ ತಮ್ಮಾ" ಎನ್ನುವ ರೂಢಿ ಎಲ್ಲಕ್ಕಿಂತ ಅಪಾಯಕರ. ಅವನ ಕೈ ಸೋಲುತ್ತದೆ; ಕಣ್ಣು ನಾಟಕದತ್ತ ಹೊರಳುತ್ತದೆ. ಮಗು ಊರುಗಂಬವಲ್ಲ.

ಭರತಮುನಿಯ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ನಾಟ್ಯಮಂಟಪದ ಕಂಬ ನಿಲ್ಲಿಸುವ ವಿಧಿಯಿದೆ, ಅದು ಅಲುಗದಿರಲೆಂಬ ಪ್ರಾರ್ಥನೆಯೂ ಇದೆ. ವಿಧಿಯನ್ನು ಬಿಟ್ಟು ಪ್ರಾರ್ಥನೆಯೊಂದನ್ನೇ ನೆಚ್ಚುವುದು ಶಾಸ್ತ್ರಸಮ್ಮತವಲ್ಲ. ಪರದೆ ಏಳುವ ಮುನ್ನ ಗುರುಗಳೊಬ್ಬರು ಪ್ರತಿ ಚೌಕಟ್ಟನ್ನೂ ಹಿಂದಿನಿಂದಲೂ ಮುಂದಿನಿಂದಲೂ ಕೈಯಾರೆ ನೂಕಿ ನೋಡಲಿ. ಅದೂ ಕಾಯಕವೇ.

ದಾನಿಗಳು ಅರಮನೆಯ ಬಣ್ಣಕ್ಕೆ ಉದಾರವಾಗಿ ಕೊಡುತ್ತಾರೆ. ಅದು ಕಣ್ಣಿಗೆ ಕಾಣುವಂಥದು. ಬೆನ್ನಿನ ಕೋಲಿಗೆ, ಬೋಲ್ಟಿಗೆ, ಮರಳಚೀಲಕ್ಕೆ ಕೊಟ್ಟದ್ದು ಯಾರಿಗೂ ಕಾಣದು. ಆದರೆ ನಾಟಕ ಮುಗಿದು ಮಕ್ಕಳೆಲ್ಲ ನಗುತ್ತ ಮನೆಗೆ ಮರಳುವುದು ಆ ಕಾಣದ ದಾನದಿಂದಲೇ.